ಅರ್ಧ ಕಪ್ ಸೊಪ್ಪು

ಗುರುವಾರ ಹನ್ನೊಂದು ಗಂಟೆಗೆ ಕ್ಲಿನಿಕ್ಕಿನಿಂದ ಫೋನ್ ಬಂದಾಗ ವಾಸಂತಿ ಒಲೆಯ ಮುಂದೆ ನಿಂತು ಬೆಂದ ಸೊಪ್ಪಿನ ನೀರು ಬಸಿಯುತ್ತಿದ್ದರು. ಅಮೆರಿಕದ ಬಾಥೆಲ್‌ನಲ್ಲಿ ಮಗಳು ಮತ್ತು ಅಳಿಯ ಸುಹಾಸ್ ಇದ್ದ ಆ ಮನೆಯಲ್ಲಿ ಹಗಲು ಹೊತ್ತು ಅವರೂ ಗಂಡ ರಾಮಕೃಷ್ಣರೂ ಇಬ್ಬರೇ. ಅಂದು ಮಾತ್ರ ಮಗಳು ಅಪೂರ್ವಾ ಲ್ಯಾಬಿಗೆ ಹೋಗದೆ ಮೇಲಿನ ಕೋಣೆಯಲ್ಲೇ ಕೆಲಸ ಮಾಡುತ್ತಿದ್ದಳು. ಫೋನ್ ಹಿಡಿದುಕೊಂಡೇ ಮೆಟ್ಟಿಲಿಳಿದು ಬಂದಳು.

“ಅಪ್ಪಾ, ನಿಮ್ಮ ಐಎನ್ಆರ್ ಒಂದೂವರೆಗೆ ಇಳಿದಿದೆ. ಎರಡೂವರೆಗಿಂತ ಕೆಳಗೆ ಬರ್ಲೇಬಾರ್ದು. ಮಾತ್ರೆ ತಪ್ಪಿಸಿದೀರಾ?”

“ಒಂದು ದಿನಾನೂ ಇಲ್ಲ. ಡಬ್ಬಿ ಎಣಿಸ್ಕೊ ಬೇಕಾದ್ರೆ.”

ನಾಲ್ಕು ವರ್ಷದ ಹಿಂದೆ ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡಾಗಿನಿಂದ ರಾಮಕೃಷ್ಣ ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರು. ರಕ್ತ ಎಷ್ಟು ತೆಳುವಾಗಿದೆ ಎಂದು ಹೇಳುವ ಆ ಐಎನ್ಆರ್ ಸಂಖ್ಯೆ ಇಳಿದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಹೆಪ್ಪು ಮೆದುಳಿಗೂ ಹೋಗಬಹುದು. ಇದು ವಾಸಂತಿಗೆ ಗೊತ್ತಿತ್ತು. ಸೊಪ್ಪು ಆ ಮಾತ್ರೆಯ ಶಕ್ತಿಯನ್ನು ಕುಂದಿಸುತ್ತದೆ ಎಂಬುದೂ ಗೊತ್ತಿತ್ತು. ಅದಕ್ಕೇ ಅಪೂರ್ವಾ ಫ್ರಿಜ್ಜಿನ ಬಾಗಿಲಿಗೆ ‘ಅಪ್ಪನಿಗೆ ಬೇಡ’ ಎಂಬ ಪಟ್ಟಿ ಅಂಟಿಸಿದ್ದಳು: ಪಾಲಕ್, ಮೆಂತ್ಯ, ಹರಿವೆ, ನುಗ್ಗೆಸೊಪ್ಪು, ಕೇಲ್. ವಾಸಂತಿ ಅದರಲ್ಲಿ ಒಂದನ್ನೂ ಮನೆಯೊಳಗೆ ತಂದವರಲ್ಲ.

“ಊಟದಲ್ಲಿ ಏನಾದ್ರೂ ಹೊಸದಾ ಅಂತ ಕೇಳ್ತಿದಾರೆ,” ಎಂದು ಅಪೂರ್ವಾ ಫೋನಿಗೆ ಕೈ ಅಡ್ಡ ಹಿಡಿದಳು. ಅವಳ ಕಣ್ಣು ಸಿಂಕಿನಲ್ಲಿದ್ದ ಜಾಲರಿಯ ಮೇಲೆ ನಿಂತಿತು. “ಅಮ್ಮಾ, ಅದೇನು?”

“ಹಿತ್ತಲದ್ದು. ಹಳದಿ ಹೂವು ಬಿಡುತ್ತಲ್ಲ, ಅದು.”

“ಡ್ಯಾಂಡೆಲಿಯನ್ನಾ?”

“ಹೆಸರು ಗೊತ್ತಿಲ್ಲ. ನಿಮ್ಮೂರಿನ ಅಂಗಡೀಲೇ ಕಟ್ಟು ಕಟ್ಟಿ ಮಾರ್ತಾರೆ, ನೋಡಿದೀನಿ. ಸುಹಾಸ್‌ನ ಕೇಳ್ದೆ, ಹುಲ್ಲಿಗೆ ಔಷಧಿ ಹೊಡೆದೇ ಇಲ್ಲ ಅಂದ. ಇದೇ ಥರ ಇನ್ನೊಂದಿದೆ, ಎಲೆ ಮೇಲೆ ರೋಮ ಇರುತ್ತೆ. ಅದನ್ನ ಮುಟ್ಟಿಲ್ಲ. ಕುದಿಸಿ ನೀರು ಬಸಿದ್ರೆ ಕಹಿ ಹೋಗುತ್ತೆ. ಪಟ್ಟೀಲೂ ಇಲ್ಲ, ನೀನೇ ನೋಡು.”

“ಅಯ್ಯೋ ಅಮ್ಮಾ, ಅದು ಕಳೆ! ಕಳೇನ ಯಾರು ಪಟ್ಟೀಲಿ ಬರೀತಾರೆ? ಪಾಲಕ್‌ಗಿಂತ ಕಮ್ಮಿ ಏನಿಲ್ಲ ಇದು. ಎಷ್ಟು ದಿನದಿಂದ?”

“ಹನ್ನೊಂದು ದಿನ,” ಎಂದರು ರಾಮಕೃಷ್ಣ, ಕುರ್ಚಿಯಿಂದಲೇ. “ಮಸ್ಸೊಪ್ಪು, ಹೆಸರುಬೇಳೆ ಹಾಕಿ ಪಲ್ಯ, ಅಕ್ಕಿರೊಟ್ಟಿ. ರೊಟ್ಟಿ ಚೆನ್ನಾಗಿತ್ತು.”

“ಹೋದ್ವಾರ ಅವರು ಕೇಳ್ದಾಗ ಏನೂ ಬದಲಾಗಿಲ್ಲ ಅಂದ್ರಿ!”

“ತರಕಾರಿ ಬದಲಾಗಿದ್ಯಾ ಅಂತ ಕೇಳಿದ್ರು. ಇದು ಕಳೆ ಅಂತ ನೀನೇ ಹೇಳ್ದೆ.”

ವಾಸಂತಿಗೆ ನಗು ಬರಲಿಲ್ಲ. ಆಪರೇಷನ್ ಆದಮೇಲೆ ಈ ಮನುಷ್ಯ ತಟ್ಟೆಗೆ ಬಡಿಸಿದ್ದರಲ್ಲಿ ಅರ್ಧ ಬಿಟ್ಟು ಏಳುತ್ತಿದ್ದರು. ಏನು ಮಾಡಿ ಹಾಕಿದರೂ ‘ಸಾಕು’ ಎಂಬ ಒಂದೇ ಮಾತು. ಹನ್ನೊಂದು ದಿನದ ಹಿಂದೆ ಮೊದಲ ಸಲ ತಟ್ಟೆ ಮುಂದೆ ಚಾಚಿ ‘ಇನ್ನೊಂಚೂರು ಹಾಕೇ’ ಅಂದಿದ್ದರು. ಅವತ್ತಿನಿಂದ ವಾಸಂತಿ ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಚಾಕು ಹಿಡಿದು ಹಿತ್ತಲಿಗೆ ಇಳಿಯುತ್ತಿದ್ದರು. ಬಯ್ಯಿಸಿಕೊಳ್ಳಲು ಅವರು ತಯಾರಿದ್ದರು. ನಾಳೆಯಿಂದ ಮತ್ತೆ ಆ ‘ಸಾಕು’ ಕೇಳುವುದಕ್ಕೆ ತಯಾರಿರಲಿಲ್ಲ.

ಅಪೂರ್ವಾ ಫೋನಿನಲ್ಲಿ ವಿವರಿಸಿದಳು. ಆ ಕಡೆ ಕೀಬೋರ್ಡಿನ ಸದ್ದು ಕೇಳಿಸಿತು.

“ಎಷ್ಟು ತಿಂತಾರೆ ಅಂತ ಕೇಳ್ತಿದಾರೆ.”

“ಎರಡು ಹಿಡಿ. ಆಮೇಲೆ ಕೇಳಿದ್ರೆ ಇನ್ನೊಂದು.”

“ಹಿಡಿ ಲೆಕ್ಕ ಅವರಿಗೆ ಆಗಲ್ಲಮ್ಮ. ಬೆಂದಿದ್ದು ಎಷ್ಟು ಕಪ್?”

ವಾಸಂತಿ ಜಾಲರಿಯಿಂದ ಎಂದಿನ ಅಂದಾಜಿನಲ್ಲಿ ಸೊಪ್ಪು ತೆಗೆದು ಅಳತೆಯ ಕಪ್ಪಿಗೆ ಹಾಕಿದರು. ಒಂದು ಕಪ್ ತುಂಬಿ ಮೇಲೆ ಗೋಪುರವಾಯಿತು. ಅಪೂರ್ವಾ ಅದನ್ನು ಹೇಳಿದಳು, ಉತ್ತರ ಕೇಳಿದಳು, ಹುಬ್ಬೇರಿಸಿದಳು.

“ಬಿಡಿ ಅಂತಿಲ್ಲ. ತಿನ್ನೋದಾದ್ರೆ ದಿನಾ ಒಂದೇ ಅಳತೆ ತಿನ್ಲಿ, ಅದಕ್ಕೆ ಸರಿಯಾಗಿ ಮಾತ್ರೆ ಹೊಂದಿಸ್ತೀವಿ ಅಂತಾರೆ. ಅರ್ಧ ಕಪ್. ಒಂದು ದಿನ ಜಾಸ್ತಿ, ಒಂದು ದಿನ ಇಲ್ಲ ಅನ್ನೋದು ಕೂಡದು. ಇವತ್ತು ಒಂದು ಮಾತ್ರೆ ಹೆಚ್ಚು, ಸೋಮವಾರ ಮತ್ತೆ ರಕ್ತ ಪರೀಕ್ಷೆ. ಕೈಕಾಲು ಸೋತ್ರೆ, ಮಾತು ತೊದಲಿದ್ರೆ ತಕ್ಷಣ ಆಂಬುಲೆನ್ಸ್ ಕರೀಬೇಕು.”

“ತಿನ್ನಬಹುದಂತಾ?” ವಾಸಂತಿ ಎರಡು ಸಲ ಕೇಳಿದರು.

ಫೋನ್ ಇಟ್ಟ ಮೇಲೆ ಅಪೂರ್ವಾ ಗಂಡ ಸುಹಾಸ್‌ಗೆ ಮೆಸೇಜ್ ಮಾಡಿದಳು: ಶನಿವಾರ ಹಿತ್ತಲಲ್ಲಿ ಹುಲ್ಲು ಕತ್ತರಿಸಬೇಡ. ಯಾಕೆ ಎಂದು ಅವನು ಕೇಳಿದ. ಅಪ್ಪನ ಡೋಸ್ ಬದಲಾಗುತ್ತೆ ಎಂದು ಬರೆದು ಮೆಟ್ಟಿಲು ಹತ್ತಿದಳು.

ಒಂದು ಗಂಟೆಗೆ ಊಟ. ವಾಸಂತಿ ಕಾಯಿತುರಿ ಬೆರೆಸಿದ ಪಲ್ಯವನ್ನು ಕಪ್ಪಿನ ಅರ್ಧಗೆರೆಯವರೆಗೆ ತುಂಬಿ, ಚಮಚದ ಬೆನ್ನಿಂದ ಮಟ್ಟಮಾಡಿ, ಗಂಡನ ತಟ್ಟೆಗೆ ಮಗುಚಿದರು. ಬಿಳಿ ಅನ್ನದ ಪಕ್ಕದಲ್ಲಿ ಅದು ತೀರಾ ಕೊಂಚ ಕಂಡಿತು. ರಾಮಕೃಷ್ಣ ಐದು ತುತ್ತಿನಲ್ಲಿ ಅದನ್ನು ಮುಗಿಸಿ, ತಲೆ ಎತ್ತದೆ ತಟ್ಟೆ ಮುಂದೆ ಚಾಚಿದರು.

“ಇನ್ನೊಂಚೂರು ಹಾಕೇ.”

ವಾಸಂತಿ ಪಲ್ಯ ಉಳಿದಿದ್ದ ಪಾತ್ರೆಗೆ ಮುಚ್ಚಳ ಮುಚ್ಚಿ ಅದರ ಮೇಲೆ ಕೈ ಊರಿದರು.

“ಮುಗೀತು ರೀ,” ಎಂದರು. ಅಂಗೈಯ ಕೆಳಗೆ ಮುಚ್ಚಳ ಇನ್ನೂ ಬಿಸಿಯಾಗಿತ್ತು.