ಕಾಶೆವ್ವನ ಎರಡನೆಯ ಲಗ್ನ

“ಅರವತ್ಮೂರಕ್ಕ ಲಗ್ನ! ಆಕಿ ಬಾಯಾಗ ಮಣ್ಣ ಬೀಳ್ಲಿ!”

ಹಳಿಯಾಳದ ವಕೀಲ ಅಂದಾನೆಪ್ಪನವರ ಕೋಣೆಯ ಕಿಟಕಿಯಿಂದ ಈರೇಶ ಹೊರಗೆ ಉಗುಳಿದ. ಬೆಳಿಗ್ಗೆಯಿಂದ ಇದು ಎಷ್ಟನೆಯ ಸಲವೋ. ಬಾಯಿ ಒಣಗಿದರೂ ಹೇಸಿಗೆ ತೀರಿರಲಿಲ್ಲ.

ಲಗ್ನಕ್ಕೆ ನಿಂತವಳು ತೇರಗಾಂವದ ಕಾಶೆವ್ವ. ಈರೇಶನಿಗೆ ಒಡಹುಟ್ಟಿದ ಅಕ್ಕ, ಅತ್ತೆಯೂ ಹೌದು. ಅವಳ ಒಬ್ಬಳೇ ಮಗಳು ರಾಜಶ್ರೀಯನ್ನು ಹಕ್ಕಿನ ಹೆಣ್ಣೆಂದು ಇಪ್ಪತ್ತೆರಡು ವರ್ಷದ ಹಿಂದೆ ಕಟ್ಟಿಕೊಂಡು ದಾಂಡೇಲಿಗೆ ಕರೆತಂದಿದ್ದ. ಗಂಡ ಸತ್ತ ಮೇಲೆ ಆರು ವರ್ಷ ತೆಪ್ಪಗಿದ್ದ ಕಾಶೆವ್ವ, ಈಗ ಏಕಾಏಕಿ ಗಂಡನ ತಮ್ಮ ಚನಬಸಪ್ಪನ ಜೊತೆ ಮದುವೆಗೆಂದು ನೋಂದಣಿ ಕಚೇರಿಯಲ್ಲಿ ಅರ್ಜಿ ಹಾಕಿದ್ದಳು. ಹಾಕಿ ಸುಮ್ಮನಿದ್ದಳೇ? ತಮ್ಮನಿಗೆ ತಾನೇ ಫೋನು ಮಾಡಿ, “ಸೋಮವಾರ ಹನ್ನೊಂದಕ್ಕ ಐತಿ, ತಪ್ಪದ ಬಾರಪಾ” ಎಂದು ಕರೆದಿದ್ದಳು. ಎಂಥ ಭಂಡತನ!

ಈರೇಶನ ಸಂಕಟ ಬರೀ ಮಾನದ್ದಲ್ಲ. ತೇರಗಾಂವದ ಮನೆಯೂ ನಾಲ್ಕು ಎಕರೆ ಹೊಲವೂ ಕಾಶೆವ್ವನ ಹೆಸರಿನಲ್ಲಿದ್ದವು. ಇಂದಲ್ಲ ನಾಳೆ ಅವು ರಾಜಶ್ರೀಗೆ ಬರಬೇಕು. ರಾಜಶ್ರೀಗೆ ಎಂದರೆ ತನಗೆ. ಈ ಲಗ್ನವೊಂದು ಆಗಿಬಿಟ್ಟರೆ ಚನಬಸಪ್ಪ ಅಲ್ಲಿ ಕಾಲು ಚಾಚಿ ಮಲಗುತ್ತಾನೆ.

“ಗಂಡನ ತಮ್ಮನ್ನ ಮಾಡಿಕೊಳ್ಳಾಕ ಕಾನೂನಿನ ಅಡ್ಡಿ ಐತ್ರಿ,” ಅಂದಾನೆಪ್ಪ ಕನ್ನಡಕ ಏರಿಸಿದರು. “ಆದ್ರ ಕುಲದಾಗ ಅಂಥಾ ರೂಢಿ ಇದ್ರ ನಡೀತೈತಿ. ರೂಢಿ ಇಲ್ಲ ಅಂತ ನೀವು ಪ್ರಮಾಣಪತ್ರ ಬರಕೊಟ್ರ ಅವರ ಆಟ ನಿಲ್ತೈತಿ.”

“ಎಲ್ಲೀ ರೂಢಿರಿ? ಬರೀರಿ! ಅಣ್ಣನ ಹೆಂಡ್ತಿ, ವೈನಿ, ಅಂದ್ರ ತಾಯಿ ಸಮಾನ. ನಾವೇನು ನಾಯಿನ್ರಿ, ಯಾರ ಮ್ಯಾಲ ಬೇಕಾದ್ರೂ ಬೀಳಾಕ?”

ಬಾಗಿಲ ಬಳಿ ರಾಜಶ್ರೀ ಫೈಲು ಹಿಡಿದು ನಿಂತಿದ್ದಳು. ಎರಡು ವರ್ಷದ ಹಿಂದೆ ಇವಳೂ ಕೋರ್ಟು ಹತ್ತಿದವಳೇ. ಗಂಡನಿಂದ ಬಿಡುಗಡೆಯ ಸೋಡಚೀಟಿ ಬೇಕೆಂದಿದ್ದಳು. ಗಂಡ ಹೊಡೆದು ಕೈ ಮುರಿದ ಎಂದಳು; ಬಚ್ಚಲಲ್ಲಿ ಜಾರಿ ಬಿದ್ದಳು ಎಂದ ಇವನು. ಕಂಡವರು ನಾಲ್ವರಿದ್ದರು. ಆದರೆ ಕಟ್ಟಿಗೆ ಡಿಪೋಗೆ ಆಳು ಕಳಿಸುವ ಗುತ್ತಿಗೆದಾರ ಈರೇಶನ ವಿರುದ್ಧ ಹೊಟ್ಟೆಪಾಡಿನ ಮಂದಿ ಬಾಯಿ ಬಿಟ್ಟಾರೆಯೇ? ಅರ್ಜಿ ಬಿದ್ದುಹೋಯಿತು. “ಸತ್ತರೂ ನಿನ್ನ ಬಿಡೂದಿಲ್ಲ” ಎಂದು ಮನೆಗೆ ಎಳೆದುಕೊಂಡು ಬಂದಿದ್ದ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕುವ ಪೈಕಿ ಈ ಆಸಾಮಿ. ಅಂದಿನಿಂದ ರಾಜಶ್ರೀ ಗಂಡನೆದುರು ಬಾಯಿ ತೆರೆದದ್ದೇ ಇಲ್ಲ.

ಇವತ್ತು ತೆರೆದಳು.

“ಮೈದುನಂದಷ್ಟ ಬರದ್ರ ಅವರು ಬ್ಯಾರೆ ಸಂದಿ ಹುಡುಕ್ತಾರ್ರಿ. ಕಾನೂನು ಬ್ಯಾಡ ಅಂದ ಯಾವ ಸಂಬಂಧದಾಗೂ ಲಗ್ನ ಮಾಡೂ ರೂಢಿ ನಮ್ಮ ಎರಡೂ ಮನೆತನದಾಗ ಇಲ್ಲ, ಹಿಂದೂ ಇದ್ದಿಲ್ಲ ಅಂತ ಬರಸ್ರಿ.”

ಈರೇಶ ಹುಬ್ಬೇರಿಸಿದ. ಹೆಂಡತಿಗೂ ಬುದ್ಧಿ ಇದೆಯೆಂದು ಅವನಿಗೆ ಗೊತ್ತಿರಲಿಲ್ಲ. “ನೋಡ್ರಿ ವಕೀಲ್ರ, ಹೊಟ್ಟೀಲೆ ಹುಟ್ಟಿದ ಮಗಳಿಗೇ ಹೇಸಿಗಿ ಬಂದೈತಿ! ಹಂಗ ಬರೀರಿ.”

ಅಂದಾನೆಪ್ಪ ಪೆನ್ನು ನಿಲ್ಲಿಸಿದರು. ಈ ಕಕ್ಷಿದಾರ ಅವರಿಗೆ ಹೊಸಬ. “ಅಂಥಾ ಲಗ್ನ ಮನೆತನದಾಗ ಬ್ಯಾರೆ ಯಾರದೂ ಆಗಿಲ್ಲಲ್ಲ ಯಜಮಾನ್ರ? ನೋಡ್ರಿ, ನಾಳೆ ನಿಮ್ಮ ಕೊರಳಿಗೇ ಬಂದೀತು.”

“ಏಳು ತಲಿ ಸೋಸಿದ್ರೂ ಸಿಗಂಗಿಲ್ರಿ!” ಈರೇಶ ಎದೆ ತಟ್ಟಿಕೊಂಡು, ಅಂಗೈಯಗಲದ ಸಹಿ ಜಡಿದ.

ಸೋಮವಾರ ನೋಂದಣಿ ಕಚೇರಿಯಲ್ಲಿ ಕಾಶೆವ್ವ ಇಳಕಲ್ ಸೀರೆಯುಟ್ಟು ಬೆಂಚಿನ ಈ ತುದಿಗೆ ಕೂತಿದ್ದಳು. ಆ ತುದಿಗೆ ಚನಬಸಪ್ಪ, ತಲೆ ತಗ್ಗಿಸಿ, ಸಿಕ್ಕಿಬಿದ್ದ ಕಳ್ಳನ ಹಾಗೆ. ಅವರನ್ನು ಕಂಡದ್ದೇ ಈರೇಶ ಅಕ್ಕನೆದುರು ಹೋಗಿ ನಿಂತ.

“ಮಣ್ಣಿಗೆ ಹೋಗೂ ವಯಸ್ಸಿನ್ಯಾಗ ಹಾಸಿಗಿ ಬೇಕಾತೇನ ನಿನಗ?”

ಸಾಲಿನಲ್ಲಿ ನಿಂತವರು ಮುಖ ಸಿಂಡರಿಸಿದರು. ಯಾರನ್ನು ಕಂಡು ಸಿಂಡರಿಸಿದರೆಂದು ನೋಡುವ ವ್ಯವಧಾನ ಅವನಿಗಿರಲಿಲ್ಲ.

“ಬೈಯೂದು ಆಮ್ಯಾಲ ಬೈಯಂತಿ,” ಎಂದಳು ಕಾಶೆವ್ವ. “ಮೊದಲ ಕಾಗದ ಕೊಡು. ಶಿಕ್ಕಾ ಬೀಳ್ಲಿ.”

ಅಧಿಕಾರಿಣಿ ಓದಿ, ಶಿಕ್ಕಾ ಒತ್ತಿ, ತಲೆಯೆತ್ತಿದರು. “ಸಹಿ ನಿಮ್ಮದೇನ್ರಿ? ನಾಳೆ ಕೋರ್ಟಿನ್ಯಾಗ ಕೇಳಿದ್ರೂ ಇದನ್ನ ಹೇಳ್ತೀರಿ?”

“ಕೋರ್ಟಿನ್ಯಾಗಷ್ಟ ಅಲ್ರಿ, ಉಳವಿ ಚನ್ನಬಸವಣ್ಣನ ಮುಂದ ನಿಂತೂ ಹೇಳ್ತೇನಿ!”

ರಾಜಶ್ರೀ ಶಿಕ್ಕಾ ಬಿದ್ದ ನಕಲನ್ನು ಕೇಳಿ ಪಡೆದು ಫೈಲಿಗೆ ಸೇರಿಸಿದಳು.

“ಹಂಗಾರ ನಮ್ಮ ಅರ್ಜಿ ನಾವು ಹಿಂದಕ್ಕ ತಗೋತೇವ್ರಿ,” ಎಂದು ಕಾಶೆವ್ವ ಎದ್ದೇಬಿಟ್ಟಳು. ಇಷ್ಟು ಸುಲಭವೇ! ಈರೇಶ ಮೀಸೆಯ ಮೇಲೆ ಕೈಯಾಡಿಸಿದ. ಬೈಯಲು ಕೂಡಿಟ್ಟ ಮಾತು ಇನ್ನೂ ಅರ್ಧ ಉಳಿದಿತ್ತು.

ಹೊರಗೆ ಬಂದದ್ದೇ ಚನಬಸಪ್ಪ ಚಪ್ಪಲಿ ಬಿಟ್ಟು ಕಾಶೆವ್ವನ ಕಾಲಿಗೆ ಬಿದ್ದ. “ತಪ್ಪಾತು ವೈನಿ. ಹುಡುಗಿ ಸಲುವಾಗಿ ನಿಮ್ಮ ಹೆಸರಿನ ಬಾಜೂಕ ನನ್ನ ಹೆಸರು ಬರಸಿದೆ. ಅಣ್ಣ ನನ್ನ ಕ್ಷಮಿಸಲಿ.”

“ಏಳಪಾ ಏಳು. ಕೆಲಸ ಆತಲ್ಲ.”

ಈರೇಶನಿಗೆ ಇದರ ತಲೆಬುಡ ತಿಳಿಯಲಿಲ್ಲ. “ಏನ್ ನಾಟಕರೀ ಇದು, ಥೂ! ಏ, ನಡಿ ಮನಿಗೆ,” ಎಂದು ಹೆಂಡತಿಯ ತೋಳಿಗೆ ಕೈಹಾಕಿದ. ಅವಳು ಆ ಕೈಯನ್ನು ಕೊಡವಿ, ತಾಯಿಯ ಪಕ್ಕಕ್ಕೆ ಹೋಗಿ ನಿಂತಳು.

“ಕಾನೂನು ಬ್ಯಾಡ ಅಂದ ಸಂಬಂಧದಾಗ ಅಕ್ಕನ ಮಗಳೂ ಬರ್ತಾಳ, ಮಾಮಾ,” ಎಂದಳು ರಾಜಶ್ರೀ. “ರೂಢಿ ಇಲ್ಲ ಅಂತ ನೀನ ಬರಕೊಟ್ಟಿ, ನಮ್ಮ ಲಗ್ನ ಆಗೇ ಇಲ್ಲ.”