ಎರಡು ಸೀಟಿ

ನಿವೃತ್ತಿಯ ಬೀಳ್ಕೊಡುಗೆಯಲ್ಲಿ ಬಸ್ ಡ್ರೈವರ್ ಮಾದಯ್ಯ ಮೈಕಿನ ಮುಂದೆ ಬೆವರುತ್ತ ನಿಂತರು. ಬಾಯಿಂದ ಒಂದು ಮಾತೂ ಹೊರಡಲಿಲ್ಲ.

“ಎಲ್ರೂ ನನ್ನ ಮುಖಾನೇ ನೋಡ್ತಾವ್ರೆ ಕಣಪ್ಪ. ಇಷ್ಟು ವರ್ಷ ಜನ ನೋಡಿದ್ದು ನನ್ನ ಬೆನ್ನನ್ನ,” ಎಂದು ಪಕ್ಕದಲ್ಲಿದ್ದ ತಮ್ಮ ಕಂಡಕ್ಟರಿಗೆ ಪಿಸುಗುಟ್ಟಿದರು.

ಕಂಡಕ್ಟರ್ ಅವರನ್ನು ಸಭೆಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂರಿಸಿದ. ಹಿಂದೆ ಹೋಗಿ ಎರಡು ಸಲ ಸೀಟಿ ಊದಿದ. “ರೈಟ್, ಮಾದಣ್ಣ.”

ಭಾಷಣ ಹೊರಟಿತು. ಘಾಟಿ, ಪಂಕ್ಚರು, ಡಿಪೋ ಮ್ಯಾನೇಜರು, ಯಾವುದನ್ನೂ ಬಿಡಲಿಲ್ಲ. ಊಟದ ಹೊತ್ತು ಮೀರಿ ಸಾರು ಆರಿತು. ಕೊನೆಗೆ ಕಂಡಕ್ಟರ್ ಒಂದು ಸೀಟಿ ಊದಿದ. ಮಾದಯ್ಯ ಅರ್ಧ ಮಾತಿಗೇ ನಿಲ್ಲಿಸಿದರು.

ಬದುಕಿದೆವೆಂದು ಎಲ್ಲರೂ ಎದ್ದರು. ಹಿಂದಿನ ಸಾಲಿನಲ್ಲಿ ಯಾರೋ ಖುಷಿ ತಡೆಯಲಾರದೆ ಬಾಯಿಗೆ ಬೆರಳಿಟ್ಟು ಎರಡು ಸಲ ಸೀಟಿ ಹೊಡೆದ.

“ಆಮೇಲೆ,” ಎಂದರು ಮಾದಯ್ಯ, “ಇಳಿಜಾರು ಬಂತು.”