ಬೀಜದ ಗೂಡು

ಅತ್ತೆಯನ್ನು ಒಂಟಿಯಾಗಿ ಆ ಡಬ್ಬಿಯ ಹತ್ತಿರ ಬಿಡಬಾರದು. ಬೆಳಿಗ್ಗೆ ಎದ್ದಾಗಿನಿಂದ ಕಲ್ಯಾಣಿಯ ತಲೆಯನ್ನು ಇದೊಂದೇ ಮಾತು ಕೊರೆಯುತ್ತಿತ್ತು.

ಡಬ್ಬಿ ಸದ್ಯಕ್ಕೆ ಮುಚ್ಚಿದ ಕೋಣೆಯೊಳಗೆ, ಗಂಡ ಮುನೇಶನ ಕೈಯಲ್ಲಿತ್ತು. ಅವನಿಗೆ ರಕ್ತದ ಕ್ಯಾನ್ಸರ್. ಮಧ್ಯಾಹ್ನ ಬೆಂಗಳೂರಿನಲ್ಲಿ ಅಡ್ಮಿಟ್ ಆಗಬೇಕು. ಇವತ್ತೇ ಕೀಮೋ ಶುರು, ಇನ್ನೊಂದು ದಿನವೂ ತಡೆಯುವಂತಿಲ್ಲ. ಆಮೇಲೆ ಮಕ್ಕಳಾಗುವ ಭರವಸೆಯಿಲ್ಲ, ಮೊದಲೇ ವೀರ್ಯವನ್ನು ಫ್ರೀಜ್ ಮಾಡಿಸಿಡಿ ಎಂದು ಡಾಕ್ಟರು ಹೇಳಿದ್ದರು. ಚಿಕ್ಕಬಳ್ಳಾಪುರದ ಕ್ಲಿನಿಕ್ಕಿಗೆ ಎರಡು ಸಲ ಹೋದರೂ ಅಲ್ಲಿನ ಕೋಣೆಯಲ್ಲಿ ಅವನಿಂದ ಆಗಲಿಲ್ಲ. ಜ್ವರ, ನಾಚಿಕೆ, ಸಾವಿನ ಭಯ, ಮೂರೂ ಸೇರಿದರೆ ಯಾವ ಗಂಡಸಿನಿಂದ ತಾನೆ ಆದೀತು? ಕೊನೆಗೆ ಕ್ಲಿನಿಕ್ಕಿನ ಡಾಕ್ಟರಮ್ಮನೇ ಕರಗಿ, ಮನೆಯಲ್ಲಿ ತೆಗೆದು ಒಂದು ಗಂಟೆಯೊಳಗೆ ತನ್ನಿ ಎಂದರು. ಹೇಗೆ ತರಬೇಕೆಂದು ಕಲ್ಯಾಣಿಗೆ ಬಿಡಿಸಿ ಹೇಳಿದರು.

ಕಲ್ಯಾಣಿ ಅದರಲ್ಲಿ ಒಂದು ಮಾತನ್ನೂ ಅತ್ತೆಗೆ ಹೇಳಲಿಲ್ಲ. ಹೇಳಿದರೆ ಕಳ್ಳನ ಕೈಗೆ ಕೀಲಿ ಕೊಟ್ಟ ಹಾಗೆ.

ಅವಳ ಸಂಶಯಕ್ಕೆ ಕಾರಣವೂ ಇತ್ತು. ಕ್ಲಿನಿಕ್ಕಿನಿಂದ ತಂದ ಮೊದಲ ಖಾಲಿ ಡಬ್ಬಿಯನ್ನು ಅತ್ತೆ ಅಕ್ಕಯಮ್ಮ ತಿಪ್ಪೆಗೆ ಎಸೆದಿದ್ದಳು.

“ನನ್ ಮಗ ಸಾಯ್ತಾನೆ ಅಂತ ಈಗ್ಲೇ ತೀರ್ಮಾನ ಮಾಡ್ಬುಟ್ಟೆಯೇನೇ? ಮುರುಗಮಲ್ಲದ ದರ್ಗಾಕ್ಕೆ ಕರ್ಕೊಂಡ್ ಹೋಗಣ ಅಂದ್ರೆ ಕೇಳಲ್ಲ. ಬದುಕಿರೋನ ವಂಶಾನ ಯಾರಾದ್ರೂ ಡಬ್ಬೀಲಿಡ್ತಾರಾ?”

“ಐಸಲ್ಲಿಡ್ತಾರೆ ಅತ್ತೆ. ಎಷ್ಟ್ ವರ್ಷ ಆದ್ರೂ ಕೆಡಲ್ಲ,” ಎಂದಿದ್ದಳು ಕಲ್ಯಾಣಿ. ಇದಕ್ಕಿಂತ ಹೆಚ್ಚು ವಿವರಿಸುವ ತಾಳ್ಮೆ ಅವಳಿಗಿರಲಿಲ್ಲ.

ನಿನ್ನೆ ಸಂಜೆ ಮುನೇಶನೇ ಎದ್ದು ಕೂತು ಹೇಳಿದ: “ಅಮ್ಮ, ಮುಂದಿನ್ ಬೆಳೆಗೆ ಬೀಜದ ಗೂಡು ತೆಗೆದಿಡ್ದೆ ಯಾರಾದ್ರೂ ಎಲ್ಲಾ ಗೂಡೂ ಕುದಿಯೋ ನೀರಿಗೆ ಹಾಕ್ತಾರಾ? ಕೀಮೋನೂ ಹಂಗೇ. ಒಳಗಿರೋ ಎಲ್ಲಾ ಹುಳಾನೂ ಬೇಯಿಸ್ಬುಡುತ್ತೆ.”

ಶಿಡ್ಲಘಟ್ಟದ ಸೀಮೆಯಲ್ಲಿ ಹುಟ್ಟಿ, ರೇಷ್ಮೆಹುಳು ಮೇಯಿಸುತ್ತಲೇ ಮುದುಕಿಯಾದವಳು ಅಕ್ಕಯಮ್ಮ. ಹುಳುವಿನ ಮೊಟ್ಟೆಯನ್ನು ಇವತ್ತಿಗೂ ಬಿಸಿಲೇರುವ ಮೊದಲೇ ಹೋಗಿ ತಾನೇ ತರುವವಳು. ದಾರಿಯಲ್ಲಿ ಯಾರು ಮಾತಾಡಿಸಿದರೂ ನಿಲ್ಲುವವಳಲ್ಲ. ಮಗನ ಮಾತು ಕೇಳಿದವಳು ಹುಳುಮನೆಯ ಕಡೆ ನೋಡುತ್ತಾ ಬಹಳ ಹೊತ್ತು ಕೂತಳು. ಆ ನೋಟ ಕಲ್ಯಾಣಿಗೆ ಹಿಂದಿನ ಕೂಗಾಟಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಕಲ್ಯಾಣಿ ಗೌರಿಬಿದನೂರಿನ ಕಡೆಯವಳು, ಮದುವೆಗೆ ಮೊದಲು ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ದುಡಿದವಳು. ಹುಳು ಕಂಡರೆ ಮೈ ಜುಮ್ಮೆನ್ನುತ್ತಿತ್ತು. ಹುಳುವಿನ ಭಾಷೆಯಲ್ಲಿ ತಾಯಿಮಗ ಏನು ಮಾತಾಡಿಕೊಂಡರೋ ಅವಳಿಗೆ ಪೂರ್ತಿ ತಲೆಗೆ ಹೋಗಲಿಲ್ಲ.

ಈಗ ನೋಡಿದರೆ ಅತ್ತೆ ಪಕ್ಕದ ಮನೆ ಕೊಂಡಮ್ಮನ ಬಾಗಿಲಿನಿಂದ ಹೊರಬಂದಳು. ಸೆರಗಿನಡಿ ಏನೋ ಇತ್ತು. ಸೊಸೆಯನ್ನು ಕಂಡವಳೇ ಮುಖ ತಿರುಗಿಸಿ ಒಳಗೆ ನುಸುಳಿದಳು. ಅವಳು ನಡೆದ ದಾರಿಯುದ್ದಕ್ಕೂ ನೆಲದ ಮೇಲೆ ನೀರಿನ ಹನಿಗಳಿದ್ದವು.

ಮಂತ್ರಿಸಿದ ನೀರೋ ಏನು ಪಾಡೋ, ಎಂದುಕೊಂಡಳು ಕಲ್ಯಾಣಿ.

ಅಷ್ಟರಲ್ಲಿ ಕೋಣೆಯ ಬಾಗಿಲು ತೆರೆಯಿತು. ಮುನೇಶ್ ಬೆವರಿನಲ್ಲಿ ತೊಯ್ದುಹೋಗಿದ್ದ. ಡಬ್ಬಿಯನ್ನು ಅವಳ ಕೈಗಿತ್ತ.

“ಇಷ್ಟೇ ಕಣೇ. ಇನ್ನೊಂದ್ಸಲ ನನ್ ಕೈಲಾಗಲ್ಲ.”

ಕಲ್ಯಾಣಿಗೆ ಅಳು ಉಕ್ಕಿ ಬಂತು. ಅಳಲು ಸಮಯವಿರಲಿಲ್ಲ. ಡಬ್ಬಿಯನ್ನು ಉಣ್ಣೆಯ ಶಾಲಿನಲ್ಲಿ ಸುತ್ತಿ ಚೀಲಕ್ಕಿಟ್ಟಳು. ಇನ್ನೇನು ಹೊರಡಬೇಕು, ಕೋಣೆಯೊಳಗೆ ಧಡ್ ಎಂಬ ಸದ್ದು. ಮುನೇಶ್ ತಲೆ ಸುತ್ತಿ ಬಿದ್ದಿದ್ದ. ಚೀಲವನ್ನು ಜಗಲಿಯ ಮೇಲಿಟ್ಟು ಓಡಿದಳು. ಅವನನ್ನು ಎತ್ತಿ ಮಲಗಿಸಿ, ನೀರು ಕುಡಿಸಿ ಹೊರಗೆ ಓಡಿ ಬಂದಳು.

ಅಕ್ಕಯಮ್ಮ ಜಗಲಿಯ ಮೇಲೆ ಚೀಲದ ಪಕ್ಕದಲ್ಲೇ ಕೂತಿದ್ದಳು.

ಕಲ್ಯಾಣಿ ಚೀಲವನ್ನು ಕಿತ್ತುಕೊಂಡು ಹೊರಗಿನಿಂದಲೇ ಒತ್ತಿ ನೋಡಿದಳು. ಶಾಲಿನೊಳಗೆ ಡಬ್ಬಿ ಗಟ್ಟಿಯಾಗಿ ಸಿಕ್ಕಿತು. ಸದ್ಯ, ಈ ಸಲ ಎಸೆದಿಲ್ಲ.

“ಹುಷಾರು ಕಣಮ್ಮ,” ಎಂದಳು ಅತ್ತೆ. “ಎಲ್ಲೂ ನಿಲ್ಬೇಡ.”

ಕಲ್ಯಾಣಿ ಚೀಲವನ್ನು ಕೊರಳಿಗೆ ಹಾಕಿ ಎದೆಗೆ ಬಿಗಿದುಕೊಂಡು ಸ್ಕೂಟರ್ ಹತ್ತಿದಳು. ರಸ್ತೆಯುದ್ದಕ್ಕೂ ಲಾರಿಗಳು, ಧೂಳು, ಸುಡುವ ಬಿಸಿಲು. ದಾರಿಯಲ್ಲಿ ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಚಿಕ್ಕಬಳ್ಳಾಪುರ ಹತ್ತಿರವಾಗುವ ಹೊತ್ತಿಗೆ ರವಿಕೆ ಒದ್ದೆಯಾಗಿ ಮೈಗಂಟಿತ್ತು. ಬೆವರು ಎಂದುಕೊಂಡಳು.

ಗಂಟೆಯೊಳಗೇ ತಲುಪಿದಳು. ಚೀಲವನ್ನು ಹಾಗೆಯೇ ಲ್ಯಾಬಿನವರ ಕೈಗೆ ಕೊಟ್ಟು ಬೆಂಚಿನ ಮೇಲೆ ಕುಸಿದಳು. ಗೆದ್ದೆ ಅನ್ನಿಸಿತು. ಹುಟ್ಟುವ ಮಗುವಿಗೆ ಒಂದು ಹೆಸರನ್ನೂ ಯೋಚಿಸಿದಳು.

ಡಾಕ್ಟರಮ್ಮ ಹೊರಬಂದಾಗ ಅವರ ಮುಖದಲ್ಲಿ ಕಳೆಯಿರಲಿಲ್ಲ.

“ಮೈಶಾಖದಲ್ಲಿ ಬೆಚ್ಚಗೆ ತರಬೇಕು ಅಂತ ಅಷ್ಟು ಹೇಳಿದ್ದೆನಲ್ಲಮ್ಮ. ಹೀಗೇಕೆ ತಂದ್ರಿ? ನಾವು ಔಷಧಿ ಬೆರೆಸಿ ಫ್ರೀಜ್ ಮಾಡೋ ಮೊದಲೇ ತಣ್ಣಗಾದ್ರೆ ಸತ್ತುಹೋಗ್ತವೆ. ಒಂದೂ ಉಳಿದಿಲ್ಲ. ಮತ್ತೆ ಬೆಚ್ಚಗೆ ಮಾಡಿಯೂ ನೋಡಿದ್ವಿ. ಒಂದೂ ಅಲುಗಾಡಲಿಲ್ಲ.”

ಅವರು ಚಾಚಿದ ಚೀಲದೊಳಗೆ ಶಾಲಿತ್ತು. ಶಾಲಿನೊಳಗೆ ಅತ್ತೆಯ ಹಳೆಯ ಸೀರೆಯ ಒದ್ದೆ ತುಂಡು. ಅದರೊಳಗೆ, ಇನ್ನೂ ಪೂರ್ತಿ ಕರಗದ ಐಸಿನ ಚೂರುಗಳು.

ಕೊನೆಗೂ ಸಾಧಿಸಿದಳು ಮುದುಕಿ. ಕಲ್ಯಾಣಿ ಮನೆಗೆ ಫೋನ್ ಮಾಡಿದಳು. ಬಾಯಿಗೆ ಬಂದ ಶಾಪಗಳನ್ನೆಲ್ಲ ನಾಲಿಗೆಯ ತುದಿಯಲ್ಲಿ ಹಿಡಿದು ಕಾದಳು. ಅತ್ತ ಫೋನೆತ್ತಿದ ಅಕ್ಕಯಮ್ಮ ಅವಳಿಗೆ ಮಾತಾಡಲು ಬಿಡಲೇ ಇಲ್ಲ.

“ತಲುಪಿದ್ಯಾ ತಾಯಿ? ಐಸು ಕರಗಿಲ್ಲ ತಾನೆ? ಐಸಲ್ಲಿಡ್ತಾರೆ ಅಂತ ನೀನೇ ಅಂದಿದ್ಯಲ್ಲ, ಕೊಂಡಮ್ಮನ್ ಮನೇಲಿ ಈಸ್ಕೊಂಡ್ ಬಂದಿದ್ದೆ. ನೀನ್ ನೋಡಿದ್ರೆ ಉಣ್ಣೆ ಶಾಲಲ್ಲಿ ಸುತ್ತಿದ್ದೆ, ಬಿಸಿಲಿಗೆ ಬೆಂದ್ಹೋಗುತ್ತೆ ಅಂತ ಜೀವ ತಡೀಲಿಲ್ಲ. ಮೊಟ್ಟೆ ತರೋವಾಗ ಒದ್ದೆಬಟ್ಟೆ ಸುತ್ಕೊಂಡ್ ಬರ್ತೀನಲ್ಲ, ಹಂಗೇ ಸುತ್ತಿಟ್ಟೆ. ನನ್ ಮೊಮ್ಮಗು ಕಣಮ್ಮ ಅದು!”